ಸೆರಗಿನ ಗಂಟು

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಅಕ್ಕನ ಗಂಡ, ನನ್ನ ಭಾವನೇ ನಂಬಿಲ್ಲ. ಆದರೆ ಆ ಟ್ರಂಕು ಈಗಲೂ ನನ್ನ ಮಂಚದ ಕೆಳಗಿದೆ, ಅದರಲ್ಲಿರುವುದನ್ನು ನಾನು ಕೈಯಾರೆ ಮುಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಆಂಧ್ರದ ಗಡಿಯ ನಂಗಲಿ. ಹೆದ್ದಾರಿ ಪಕ್ಕದ ಮನೆ. ನಾನೂ ಅಕ್ಕನೂ ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದೆವು. ಕೋಲಾರದ ವ್ಯಾಪಾರಿಯೊಬ್ಬರು ಹಳ್ಳಿಗಳಲ್ಲಿ ಹಳೆಯ ರೇಷ್ಮೆ ಸೀರೆ ಕೊಂಡು ನಮಗೆ ಕಳಿಸುತ್ತಿದ್ದರು. ಯಾವುದು ಎಷ್ಟು ವರ್ಷದ್ದು, ಜರಿ ಬೆಳ್ಳಿಯದೋ ಅಲ್ಲವೋ ನೋಡಿ ಹೇಳಬೇಕು. ಅಕ್ಕ ಹೇಳುತ್ತಿದ್ದಳು. ನಾನು ಚೀಟಿ ಬರೆದು ದಾರದಲ್ಲಿ ಕಟ್ಟುತ್ತಿದ್ದೆ.

ಸೀರೆಯ ವಯಸ್ಸು ಒಳಮೈಯಲ್ಲಿರುತ್ತದೆ. ಹಳೆಯದರಲ್ಲಿ ಒಡಲನ್ನೂ ಅಂಚನ್ನೂ ಬೇರೆ ಬೇರೆ ನೇಯ್ದು ಕೂಡಿಸಿರುತ್ತಾರೆ, ಅದು ಅಲ್ಲಿ ಗೊತ್ತಾಗುತ್ತದೆ. ಹಳೆಯ ಬೆಳ್ಳಿ ಜರಿ ಕಪ್ಪಾಗುತ್ತದೆ. ಈಚಿನದು ಸವೆದರೆ ಒಳಗಿನ ದಾರ ಬೆಳ್ಳಗೆ ಕಾಣುತ್ತದೆ. ಮೂಲೆಯಲ್ಲಿ ಅಗಸರು ಹಾಕಿದ ಮಸಿಯ ಗುರುತಿದ್ದರೆ ಯಾವ ಮನೆಯದೆಂದೂ ಹೇಳಬಹುದು. ನಾನು ಆತುರಪಟ್ಟಾಗಲೆಲ್ಲ ಅಕ್ಕ ತೆಲುಗಿನಲ್ಲಿ, “ತಿಪ್ಪಿ ಚೂಡವೇ,” ಎನ್ನುತ್ತಿದ್ದಳು. ತಿರುಗಿಸಿ ನೋಡೇ ಎಂದು.

ಅಮ್ಮನ ಮದುವೆ ಸೀರೆ ಅಕ್ಕನ ಟ್ರಂಕಿನಲ್ಲಿತ್ತು. ಕುಂಕುಮದ ಬಣ್ಣ, ಹಸಿರು ಅಂಚು. ಉಟ್ಟರೆ ಹರಿದೀತೆಂದು ಅಕ್ಕ ಅದೇ ಥರದ ಇನ್ನೊಂದನ್ನು ನೇಯಿಸಿಕೊಂಡು, ಹಬ್ಬಕ್ಕೆ ಮದುವೆಗೆ ಅದನ್ನೇ ಉಡುತ್ತಿದ್ದಳು. ಎರಡನ್ನೂ ಒಟ್ಟಿಗೇ ಮಡಿಸಿಟ್ಟಿರುತ್ತಿದ್ದಳು.

ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಎರಡು ದಿನ ಮುಂಚೆ ಅಕ್ಕ ಹೇಳಿದಳು. “ಕೊನೇಲಿ ನಂಗೆ ಅಮ್ಮನ ಸೀರೆ ಉಡಿಸೇ. ಹೊಸದನ್ನ ಉಡಿಸ್ಬಿಟ್ಟೀಯ, ನಿನ್ನ ಕಣ್ಣು ನಂಬೋ ಹಾಗಿಲ್ಲ.”

ನಾನು ನಕ್ಕೆ. ಅವಳೂ ನಕ್ಕಳು.

ಅವಳು ಹೋದ ದಿನ ಅವಳ ಮನೆ ತುಂಬ ಜನ. ಹೊತ್ತಾಯಿತು, ಬೇಗ ಕೊಡಮ್ಮ ಎಂದು ಹೆಂಗಸರು ಅವಸರ ಮಾಡಿದರು. ಟ್ರಂಕು ತೆಗೆದು ಕೈಗೆ ಸಿಕ್ಕಿದ ಕುಂಕುಮದ ಬಣ್ಣದ ಸೀರೆ ಕೊಟ್ಟೆ. ಮುತ್ತೈದೆಯಾಗಿ ಹೋದವಳು ಎಂದು ಮಡಿಲು ತುಂಬಿದರು. ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ. ಅದರ ಜೊತೆ ನನ್ನ ಕೈಯ ಎರಡು ಹಸಿರು ಬಳೆ ತೆಗೆದಿಟ್ಟು, ಸೆರಗಿನ ತುದಿಗೆ ನಾನೇ ಗಂಟು ಹಾಕಿದೆ. ನಾನು ಎಡಗೈಯವಳು. ನನ್ನ ಗಂಟು ಬೇರೆಯವರ ಗಂಟಿನ ಹಾಗೆ ಬೀಳುವುದಿಲ್ಲ.

ಊರವರ ಸೀರೆಗಳನ್ನೆಲ್ಲ ತಿರುಗಿಸಿ ನೋಡಿದವಳು, ಅಕ್ಕನಿಗೆ ಉಡಿಸುವ ಸೀರೆಯನ್ನು ತಿರುಗಿಸಿ ನೋಡಲಿಲ್ಲ.

ಇದು ಹೊಳೆದದ್ದು ಅವಳನ್ನು ಎತ್ತಿಕೊಂಡು ಹೋದ ಮೇಲೆ.

ನಾಲ್ಕು ತಿಂಗಳು ನಾನು ಅಕ್ಕನ ಮನೆ ಕಡೆ ಹೋಗಲಿಲ್ಲ. ಟ್ರಂಕಿನಲ್ಲಿ ಉಳಿದದ್ದು ಯಾವುದು ಎಂದು ನೋಡಿದರೆ ಸಾಕಿತ್ತು. ನೋಡಲಿಲ್ಲ. ಕೊನೆಗೆ ಒಂದು ಸಂಜೆ ಭಾವನೇ ಟ್ರಂಕನ್ನು ಆಟೋದಲ್ಲಿ ತಂದು ಇಳಿಸಿದರು. “ನೀನೇ ಇಟ್ಕೊಳಮ್ಮ. ನಂಗೆ ಮುಚ್ಚಳ ಎತ್ತೋಕಾಗಲ್ಲ,” ಎಂದು ಕಾಫಿಯನ್ನೂ ಕುಡಿಯದೆ ಹೋದರು.

ನಮ್ಮ ಯಜಮಾನರು ಟೊಮೆಟೊ ಲೋಡಿನ ಜೊತೆ ಕೋಲಾರಕ್ಕೆ ಹೋಗಿದ್ದರು. ನಾನೊಬ್ಬಳೇ. ಎಂಟೂವರೆ ಇರಬಹುದು, ಮುದ್ದೆಗೆ ಎಸರಿಟ್ಟಿದ್ದೆ...

ಛಿಣ್.

ಗಾಜಿನ ಬಳೆಯ ಸದ್ದು. ಹೊರಗೆ ಲಾರಿ ಹೋಗುತ್ತಿತ್ತು, ಗೋಡೆ ಅಲುಗಿರಬೇಕು ಎಂದುಕೊಂಡೆ. ಲಾರಿ ದೂರ ಹೋಯಿತು. ರಸ್ತೆ ಖಾಲಿ.

ಛಿಣ್... ಛಿಣ್...

ಟ್ರಂಕಿನೊಳಗಿಂದ.

ಒಲೆ ಆರಿಸಿದೆ. ಹೆದರಿಕೆ ಆಗಲಿಲ್ಲ, ನಿಜ ಹೇಳುತ್ತೇನೆ. ಅಕ್ಕ ಹೋದ ಮೇಲೆ ನನಗೆ ಏನೂ ಆಗುತ್ತಿರಲಿಲ್ಲ. ಮುಚ್ಚಳ ಎತ್ತಿದೆ. ನುಸಿ ಗುಳಿಗೆಯ ವಾಸನೆ. ಮೇಲೆಯೇ ಕುಂಕುಮದ ಬಣ್ಣದ ಸೀರೆ. ಒಂದೇ ಒಂದು.

ದೀಪದ ಕೆಳಗೆ ಒಂದು ಮಡಿಕೆ ಬಿಚ್ಚಿ ಒಳಮೈ ನೋಡಿದೆ. ಅಂಚು ಕೂಡಿಸಿ ನೇಯ್ದದ್ದು. ಜರಿ ಕಪ್ಪು. ಮೂಲೆಯಲ್ಲಿ ಮೂರು ಚುಕ್ಕೆ, ಒಂದು ಗೆರೆ... ಅಮ್ಮನ ತವರಿನ ಅಗಸರ ಗುರುತು.

ಅಮ್ಮನ ಸೀರೆ ಇಲ್ಲೇ ಇತ್ತು. ಅಂದರೆ ಅಕ್ಕನಿಗೆ ನಾನು ಉಡಿಸಿದ್ದು ಹೊಸದು. ಅವಳು ಕೇಳಿದ್ದು ಅದೊಂದೇ.

ಅಳು ಬರಲಿಲ್ಲ. ಸೀರೆಯನ್ನು ಮೊದಲಿನ ಹಾಗೇ ಮಡಿಸತೊಡಗಿದೆ.

“ತಿಪ್ಪಿ ಚೂಡವೇ.”

ಬೆನ್ನ ಹಿಂದೆ. ಮೆಲ್ಲಗೆ. ಬೇಸರವಿಲ್ಲದ ದನಿ, ಕೆಲಸದ ಹೊತ್ತಿನ ದನಿ.

ನಾನು ಹಿಂದೆ ನೋಡಲಿಲ್ಲ. ಸೀರೆಯನ್ನು ತಿರುಗಿಸಿದೆ. ಕೆಳಮಡಿಕೆಯಿಂದ ಸೆರಗು ಜಾರಿ ಬಂತು.

ತುದಿಯಲ್ಲಿ ಗಂಟು. ಎಡಗೈಯ ಗಂಟು. ಒತ್ತಿದರೆ ಒಳಗೆ ಅಕ್ಕಿ, ಗುಂಡಗೆ ಎರಡು ಬಳೆ. ಬಟ್ಟೆ ಒದ್ದೆಯಾಗಿತ್ತು. ನನ್ನ ಬೆರಳಿಗೆ ಅರಿಶಿನ ಹತ್ತಿತು... ಹಸಿ ಅರಿಶಿನ.

ಬೆಳಗಾಗುವವರೆಗೆ ಗೋಡೆಗೆ ಒರಗಿ ಕೂತಿದ್ದೆ. ಬೆಳಿಗ್ಗೆ ಭಾವನಿಗೆ ಫೋನ್ ಮಾಡಿ, ಆ ದಿನ ಸುಡುಗಾಡಿನಲ್ಲಿ ಸೀರೆ ತೆಗೆದರಾ, ಗಂಟು ಬಿಚ್ಚಿದರಾ ಎಂದು ಕೇಳಿದೆ.

“ಯಾರೂ ಮುಟ್ಟಿಲ್ಲಮ್ಮ. ಕೊಳ್ಳಿ ಇಟ್ಟವನು ನಾನಲ್ವಾ. ಮೊದ್ಲು ಹತ್ಕೊಂಡಿದ್ದೇ ಸೆರಗು.”

ಆಮೇಲೆ ಬಂದು ನೋಡಿದರು. ಯಾವತ್ತೋ ಬೇರೆ ಯಾವ ಶಾಸ್ತ್ರಕ್ಕೋ ಕಟ್ಟಿ ಮರೆತಿರುತ್ತೀಯ ಎಂದರು. ಹಾಗೆಂದವರು ಸೀರೆಯನ್ನು ಮುಟ್ಟಲಿಲ್ಲ, ಕೂರಲೂ ಇಲ್ಲ.

ಅಕ್ಕ ಅಮ್ಮನ ಸೀರೆಯಲ್ಲೇ ಹೋಗಿದ್ದರೆ ಅದು ಇಲ್ಲಿ ಹೇಗಿದೆ? ಹೊಸದರಲ್ಲಿ ಹೋಗಿದ್ದರೆ ನನ್ನ ಗಂಟು ಇದಕ್ಕೆ ಹೇಗೆ ಬಂತು? ಅವಳ ಮಾತು ನಡೆಯಿತೋ ಇಲ್ಲವೋ, ನನಗೆ ಇನ್ನೂ ಗೊತ್ತಿಲ್ಲ. ಮೂಸಿ ನೋಡಿದ್ದೇನೆ. ಹೊಗೆಯ ವಾಸನೆ ಇಲ್ಲ.

ಅದಕ್ಕೂ ಒಂದು ಚೀಟಿ ಕಟ್ಟಿದ್ದೇನೆ. ಏನೂ ಬರೆದಿಲ್ಲ.

ಗಂಟು ಬಿಚ್ಚಿ ನೋಡು ಎಂದು ಯಜಮಾನರು ಹೇಳುತ್ತಲೇ ಇದ್ದಾರೆ. ಅಕ್ಕ ತಿರುಗಿಸಿ ನೋಡು ಎಂದಳು, ಬಿಚ್ಚಿ ನೋಡು ಎನ್ನಲಿಲ್ಲ. ಲಾರಿಗಳಿಲ್ಲದ ಹೊತ್ತಿನಲ್ಲಿ ನಾನು ಮಂಚದ ಮೇಲೆ ಅಲುಗದೆ ಮಲಗಿರುತ್ತೇನೆ. ಅವಳು ಅದನ್ನೂ ಹೇಳಲಿ ಎಂದು ಕಾಯುತ್ತಿದ್ದೇನೋ, ಹೇಳಿಬಿಟ್ಟಾಳೆಂದು ಹೆದರುತ್ತಿದ್ದೇನೋ... ತಿಳಿಯುವುದಿಲ್ಲ.