ಶನಿವಾರದ ಕ್ಲಾಸಿನಲ್ಲಿ ಒಂದು ಕೊಲೆ

ಆ ವರ್ಷ ಶನಿವಾರ ಬಂತೆಂದರೆ ನನಗೆ ಸುಸ್ತು. ವಾರದ ಸುಸ್ತು ಬೇರೆ, ಶನಿವಾರದ್ದೇ ಬೇರೆ. ವಾರವಿಡೀ ಜಪಾನಿನ ಯೋಕೋಹಾಮಾದ ನಮ್ಮ ಪುಟ್ಟ ಮನೆಯಲ್ಲಿ ನಾನು ಊಟದ ಮೇಜಿನ ಮುಂದೆ, ಗಂಡ ಬಟ್ಟೆ ಒಣಗಿಸುವ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದೆವು. ಇಬ್ಬರೂ ದಿನವಿಡೀ ಮಾತಾಡುತ್ತಲೇ ಇರುತ್ತಿದ್ದೆವು, ಆದರೆ ಆಫೀಸಿನವರ ಜೊತೆ, ಒಬ್ಬರೊಡನೊಬ್ಬರಲ್ಲ. ಶುಕ್ರವಾರ ಕಂಪ್ಯೂಟರ್ ಮುಚ್ಚಿದರೆ ಶನಿವಾರ ಬೆಳಿಗ್ಗೆ ಅದನ್ನೇ ಮತ್ತೆ ತೆರೆಯಬೇಕು. ಮಕ್ಕಳ ಕನ್ನಡ ಕ್ಲಾಸು.

ಕೊರೊನಾ ಬರುವ ಮುಂಚೆ ಆ ಕ್ಲಾಸು ಸ್ಟೇಷನ್ ಪಕ್ಕದ ಸಣ್ಣ ಹಾಲ್‌ನಲ್ಲಿ ನಡೆಯುತ್ತಿತ್ತು. ಮಕ್ಕಳು ಚಾಪೆಯ ಮೇಲೆ ಉರುಳಾಡುತ್ತಾ ಅ ಆ ಇ ಈ ಹೇಳುತ್ತಿದ್ದವು, ಆಮೇಲೆ ಯಾರೋ ಒಬ್ಬ ತಾಯಿ ತಂದ ಚಿತ್ರಾನ್ನ ತಿನ್ನುತ್ತಿದ್ದವು. ಹಾಲ್ ಮುಚ್ಚಿದ ಮೇಲೆ ಎಲ್ಲ ಪರದೆಗೆ ಬಂತು. ಪರದೆಗೆ ಬಂದಮೇಲೆ ದೂರದವರೂ ಸೇರಿಕೊಂಡರು. ಫುಕುವೋಕಾದಿಂದ ಒಬ್ಬ ಹುಡುಗ, ತ್ಸುಕುಬಾದಿಂದ ಒಬ್ಬಳು ಹುಡುಗಿ. ಮಕ್ಕಳ ಸಂಖ್ಯೆ ಹೆಚ್ಚಿತು, ಮಾತು ಮಾತ್ರ ಕಡಿಮೆಯಾಯಿತು.

ಒಂದು ಶನಿವಾರ ಭೂತಕಾಲ ಕಲಿಸುತ್ತಿದ್ದೆ. "ನಿನ್ನೆ ನೀನು ಏನು ಮಾಡಿದೆ?" ಅಂತ ಒಬ್ಬೊಬ್ಬರನ್ನೇ ಕೇಳಿದೆ.

"ಸ್ಕೂಲಿಗೆ ಹೋದೆ. ಮನೆಗೆ ಬಂದೆ."

"ಆಮೇಲೆ?"

"ಆಮೇಲೆ ಏನೂ ಇಲ್ಲ ಆಂಟಿ."

ಎಲ್ಲರದ್ದೂ ಇದೇ ಉತ್ತರ. ತಪ್ಪು ಅವರದಲ್ಲ. ಆಟ ಬಂದ್, ಪ್ರವಾಸ ಬಂದ್. ಶಾಲೆಯಲ್ಲಿ ಊಟದ ಹೊತ್ತಿಗೂ ಎಲ್ಲರೂ ಮುಂದಕ್ಕೆ ಮುಖ ಮಾಡಿ, ಮಾತಿಲ್ಲದೆ ತಿಂದು ಮುಗಿಸಬೇಕು. ಭೂತಕಾಲದಲ್ಲಿ ಹೇಳುವಂಥದ್ದು ಆ ಮಕ್ಕಳ ಹತ್ತಿರ ಏನೂ ಇರಲಿಲ್ಲ.

ಕೊನೆಗೆ ಫುಕುವೋಕಾದ ಹುಡುಗನ ಸರದಿ ಬಂತು. ಅವನು ನಮ್ಮಲ್ಲಿ ದೊಡ್ಡವನು, ಆಗ ಹನ್ನೊಂದೋ ಹನ್ನೆರಡೋ. "ನಾನು ಅಪ್ಪನ ಜೊತೆ ಇಂಗ್ಲಿಷ್ ಫಿಲ್ಮ್ ನೋಡಿದೆ. ಹಳೇದು. ಟ್ರೈನ್ ಹೋಗ್ತಾ ಇದೆ. ಬೆಳಿಗ್ಗೆ ಬಾಗಿಲು ತೆಗೀತಾರೆ. ಒಬ್ರು ಸತ್ತು ಹೋಗಿದಾರೆ" ಅಂದ.

ಅಲ್ಲಿಯವರೆಗೆ ಹಣೆ ಮಾತ್ರ ಕಾಣುವ ಹಾಗೆ ಕೂತಿದ್ದ ಮಕ್ಕಳೆಲ್ಲ ಕ್ಯಾಮೆರಾ ಮುಂದಕ್ಕೆ ಬಂದವು. "ಯಾರು?" "ಯಾಕೆ?" "ಹೇಗೆ ಸತ್ರು?" ಪ್ರಶ್ನಾರ್ಥಕ ಪದಗಳನ್ನು ಹೇಳಿಸಲು ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಅವು ಈಗ ತಾವಾಗಿಯೇ ಉದುರುತ್ತಿದ್ದವು.

"ಅದು ಕೊಲೆ" ಅಂದೆ ನಾನು. "ರೈಲಿನಲ್ಲಿ ಕೊಲೆ ಆಗಿದೆ."

ನಮ್ಮ ಬೀದಿಯಲ್ಲೇ ಇದ್ದ ಆರು ವರ್ಷದ ಚಿಕ್ಕವಳು ಮುಖ ಸಿಂಡರಿಸಿದಳು. "ಟ್ರೈನ್ ಕ್ಲೀನ್ ಮಾಡಿಲ್ವಾ?" ಹಿಂದಿನ ವಾರ ನಾನು 'ಕೊಳೆ ಬಟ್ಟೆ' ಹೇಳಿಕೊಟ್ಟಿದ್ದೆ. ಇಲ್ಲಿ ಹುಟ್ಟಿದ ಮಕ್ಕಳ ಕಿವಿಗೆ ಲ ಮತ್ತು ಳ ಎರಡೂ ಒಂದೇ. ಅವಳಿಗೆ ಅರ್ಥವಾದದ್ದು ಗಲೀಜು ರೈಲು. ಬಹಳ ದಿನಗಳ ಮೇಲೆ ನಾನು ಬಾಯಿ ತುಂಬ ನಕ್ಕೆ.

ಅದನ್ನೇ ನಾಟಕ ಮಾಡೋಣ ಅಂದವರು ಮಕ್ಕಳೇ. ನನಗೆ ಶಕ್ತಿಯಿರಲಿಲ್ಲ. ಆದರೆ ಬೇಡ ಅನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ, ಅದೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಿನಿಮಾ ನೋಡಿದೆ. ಹೆಣ ಸಿಗುವ ಹೊತ್ತಿಗೆ ಅವರು ನಿದ್ದೆ ಹೋಗಿದ್ದರು. ಎಚ್ಚರವಾದಾಗ, "ಯಾರಂತೆ ಕೊಂದದ್ದು?" ಅಂತ ಕೇಳಿದರು. "ಜೊತೆಗಿದ್ದ ನರ್ಸ್" ಅಂದೆ. "ಪಾಪ, ಅವಳಿಗೂ ಸಾಕಾಗಿರುತ್ತೆ" ಅಂತ ಹೇಳಿ ಎದ್ದು ಅನ್ನಕ್ಕೆ ಇಡಲು ಹೋದರು.

ಪಾತ್ರ ಹಂಚುವ ದಿನ ಗಲಾಟೆಯೋ ಗಲಾಟೆ. ಫುಕುವೋಕಾದವನು ಪತ್ತೇದಾರ, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕವಳು ಟಿಕೆಟ್ ನೋಡುವವಳು. ಉಳಿದವರು ಪ್ರಯಾಣಿಕರು. ಸತ್ತವರ ಪಾತ್ರ ಯಾರಿಗೂ ಬೇಡ. ಆಗ ತ್ಸುಕುಬಾದ ಹುಡುಗಿ ಕೈ ಎತ್ತಿದಳು.

ಅವಳಿಗೆ ಎಂಟು ವರ್ಷ. ತಾಯಿ ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ, ಮೈಸೂರಿನವರು. ತಂದೆ ಕೆಲಸದ ಮೇಲೆ ಬೆಂಗಳೂರಿಗೆ ಹೋದವರು ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದುಬಿಟ್ಟಿದ್ದರು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ನಾನು ಹೇಳಿದ್ದೆಲ್ಲ ಆ ಹುಡುಗಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತಲೆಯಾಡಿಸುವುದರಲ್ಲಿ, ಇಲ್ಲವಾದರೆ ಜಪಾನಿ ಭಾಷೆಯಲ್ಲಿ. ಅವಳು ಜಪಾನಿಯಲ್ಲೇ ಕೇಳಿದಳು: ಸತ್ತವರು ಏನೂ ಮಾತಾಡೋ ಹಾಗಿಲ್ಲ, ಅಲ್ವಾ?

"ಇಲ್ಲ, ಸುಮ್ಮನೆ ಮಲಗಿದರೆ ಸಾಕು."

"ಹಾಗಾದರೆ ನಾನು" ಅಂತ ಎದೆ ಮುಟ್ಟಿ ತೋರಿಸಿದಳು. ಸಿನಿಮಾದಲ್ಲಿ ಸತ್ತವನು ಒಬ್ಬ ಮುದುಕ ಶ್ರೀಮಂತ. ನಮ್ಮ ನಾಟಕದಲ್ಲಿ ಅವನು ಸಾಹುಕಾರ್ತಿಯಾದ.

ತಾಲೀಮು ನಾಲ್ಕೈದು ವಾರ ನಡೆಯಿತು. ಅದೇ ವಾರಗಳಲ್ಲಿ ಊರಿನಿಂದ ಬರುವ ಸುದ್ದಿಯೆಲ್ಲ ಕೆಟ್ಟದಾಗುತ್ತಾ ಹೋಯಿತು. ಎರಡನೇ ಅಲೆ. ಫೋನ್ ಸದ್ದಾದರೆ ಎತ್ತಲು ಭಯ. ಗೊತ್ತಿದ್ದವರು, ಗೊತ್ತಿದ್ದವರಿಗೆ ಗೊತ್ತಿದ್ದವರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ, ಆಕ್ಸಿಜನ್ ಸಿಗಲಿಲ್ಲ. ಇಲ್ಲಿ ಕೂತು ಅಲ್ಲಿಯವರಿಗಾಗಿ ಫೋನ್ ಮಾಡಿ ಮಾಡಿ ಎಲ್ಲರ ದನಿಯೂ ಒಡೆದಿತ್ತು. ಇಷ್ಟರ ನಡುವೆ ಶನಿವಾರ ಬೆಳಿಗ್ಗೆ ಮಕ್ಕಳು ಹುರುಪಿನಿಂದ "ಕೊಲೆ! ಕೊಲೆ!" ಅಂತ ಕೂಗುತ್ತಿದ್ದವು. ನಿಲ್ಲಿಸಿಬಿಡಲೇ ಅಂತ ಒಬ್ಬಿಬ್ಬರು ತಾಯಂದಿರನ್ನು ಕೇಳಿದೆ. "ಬೇಡ ಕಣ್ರೀ, ವಾರಕ್ಕೆ ಒಂದು ಗಂಟೆ ನಗ್ತಾರೆ, ಬಿಟ್ಬಿಡಿ" ಅಂದರು. ಬಿಟ್ಟೆ.

ಅಜ್ಜಿ ತಾತಂದಿರೂ ನೋಡಲಿ ಅಂತ ನಾಟಕವನ್ನು ನಮ್ಮ ಮಧ್ಯಾಹ್ನಕ್ಕೆ ಇಟ್ಟೆವು. ಊರಿನಲ್ಲಿ ತಿಂಡಿ ಮುಗಿದಿರುವ ಹೊತ್ತು. ಪರದೆಯ ತುಂಬ ಚೌಕಗಳು, ಕೆಲವು ಚೌಕಗಳಲ್ಲಿ ಬರೀ ಸೀಲಿಂಗ್ ಫ್ಯಾನು. ನಾನು ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಗದ್ದಲ ಆಗದಿರಲಿ ಅಂತ ನೋಡುವವರೆಲ್ಲರ ದನಿ, ಆಮೇಲೆ ಬರುವವರದ್ದೂ, ನಿಲ್ಲಿಸಿದೆ. ಚಿಕ್ಕವಳು "ಟಿಕೆಟ್, ಟಿಕೆಟ್" ಅಂದಳು. ಯಾರದೋ ಅಣ್ಣ ಬಾಯಲ್ಲೇ ರೈಲಿನ ಸದ್ದು ಮಾಡಿದ. ಬಾಗಿಲು ತೆರೆಯಿತು. ತ್ಸುಕುಬಾದ ಹುಡುಗಿ ನೆಲದ ಹಾಸಿಗೆಯಲ್ಲಿ, ಗಲ್ಲದವರೆಗೆ ಬಿಳಿ ಹೊದಿಕೆ ಎಳೆದುಕೊಂಡು, ಕಣ್ಣು ಮುಚ್ಚಿ ಮಲಗಿದ್ದಳು. ಮುಖಕ್ಕೆ ಪೌಡರ್ ಬಳಿದುಕೊಂಡಿದ್ದಳು. ಬಹಳ ಚೆನ್ನಾಗಿ ಸತ್ತಿದ್ದಳು.

"ಇವರು ಸತ್ತು ಹೋಗಿದ್ದಾರೆ" ಅಂದ ಪತ್ತೇದಾರ, ಅಪ್ಪನ ಹ್ಯಾಟು ಸರಿಮಾಡಿಕೊಳ್ಳುತ್ತಾ. "ಯಾವಾಗ ಸತ್ತರು? ಯಾರು ನೋಡಿದಿರಿ?"

ನಾನು ಮುಂದಿನ ಸಾಲು ಮರೆತವರಿಗೆ ಎತ್ತಿಕೊಡಲು ಕಾಗದ ನೋಡುತ್ತಿದ್ದೆ. ಆಗ ಚಿಕ್ಕವಳು ಪಾತ್ರ ಬಿಟ್ಟು ಕೂಗಿದಳು. "ಆಂಟಿ, ಒಂದು ಅಜ್ಜಿ ಅಳ್ತಿದಾರೆ."

ತಡವಾಗಿ ಬಂದು ಸೇರಿದ ಒಂದು ಚೌಕವಿತ್ತು. ಅದರಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಫೋನನ್ನು ಮುಖದ ಹತ್ತಿರ ಹಿಡಿದು ಕೂಗುತ್ತಿದ್ದರು. ದನಿಯಿಲ್ಲ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದು ಕೈ ಎದೆ ಬಡಿದುಕೊಳ್ಳುತ್ತಿತ್ತು. ಹುಡುಗಿಯ ಅಜ್ಜಿ. ನಾನು ಕತೆ ಹೇಳುವಾಗ ಅವರಿರಲಿಲ್ಲ. ಬಂದು ನೋಡಿದ್ದು ಬಿಳಿ ಬಟ್ಟೆ ಹೊದ್ದು ಮಲಗಿದ ಮೊಮ್ಮಗಳನ್ನು.

ಅವರ ದನಿ ಬಿಡಿಸಲು ಏನೇನೋ ಒತ್ತಿದೆ. ಆ ಕಡೆಯಿಂದಲೂ ಅವರು ಒತ್ತಬೇಕು, ಅವರಿಗೆ ಅದು ಗೊತ್ತಿಲ್ಲ. "ಪುಟ್ಟೀ, ಎದ್ದೇಳು! ಬೇಗ ಎದ್ದೇಳು!" ಅಂದೆ. ಹುಡುಗಿ ಏಳಲಿಲ್ಲ. ಏನೇ ಆದರೂ ಏಳಬಾರದು, ನಗಿಸಿದರೂ ನಗಬಾರದು ಅಂತ ತಾಲೀಮಿನಲ್ಲಿ ನಾನೇ ಹೇಳಿದ್ದೆ. ಉಳಿದ ಮಕ್ಕಳೂ "ಓಕಿತೆ! ಓಕಿತೆ!" ಅಂತ ಜಪಾನಿ ಭಾಷೆಯಲ್ಲಿ ಎಬ್ಬಿಸಲು ಕೂಗಿದವು. ಅವಳ ಕಣ್ಣು ಇನ್ನೂ ಬಿಗಿಯಾಯಿತು.

ಕೊನೆಗೆ ಅವಳ ತಾಯಿ ಅಡುಗೆಮನೆಯಿಂದ ಓಡಿಬಂದು ಹೊದಿಕೆ ಕಿತ್ತು ಮಗಳನ್ನು ಕೂರಿಸಿದರು. "ಅಜ್ಜಿಗೆ ಹೇಳು! ಅಜ್ಜಿಗೆ ಹೇಳು!" ಹುಡುಗಿ ಗಾಬರಿಯಿಂದ ಪರದೆ ನೋಡಿದಳು. "ಅಜ್ಜಿ, ಡೈಜೋಬು. ಡೈಜೋಬು" ಅಂದಳು.

ಆ ಹೊತ್ತಿಗೆ ಮೈಸೂರಿನ ಮನೆಯಲ್ಲಿ ಯಾರೋ ಬಂದು ಫೋನ್ ಸರಿಮಾಡಿದರು. ಅಜ್ಜಿಯ ದನಿ ಒಮ್ಮೆಲೇ ನಮ್ಮೆಲ್ಲರ ಮನೆಗೆ ನುಗ್ಗಿತು. "ಅಯ್ಯೋ ಕಂದಾ, ಏನಂತಿದೀಯೇ? ಏನಾಯ್ತೇ ನಿನಗೆ?"

"ಅವಳಿಗೆ ಏನೂ ಆಗಿಲ್ಲ ಅಂತಿದಾಳೆ ಅಜ್ಜಿ" ಅಂದಳು ಚಿಕ್ಕವಳು. "ಇದು ಸುಳ್ಳು ಸಾಯೋದು."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸಿಟ್ಟು ಬಂತು. "ಆಡೋಕ್ಕೆ ಬೇರೇನೂ ಸಿಗ್ಲಿಲ್ವೇನ್ರಮ್ಮ ನಿಮಗೆ? ಇಂಥಾ ಕಾಲದಲ್ಲಿ ಮಗೂನ ಹಾಗೆ ಮಲಗಿಸ್ತಾರಾ?"

"ತಪ್ಪಾಯ್ತಮ್ಮ" ಅಂದೆ. ಇನ್ನು ನೋಡುವವರು ಒಬ್ಬೊಬ್ಬರೇ ಹೊರಡುತ್ತಾರೆ ಅಂದುಕೊಂಡೆ. ಪತ್ತೇದಾರ ಏನು ಮಾಡಬೇಕೋ ತಿಳಿಯದೆ, ಬಾಯಿಪಾಠ ಮಾಡಿದ್ದ ಮುಂದಿನ ಸಾಲನ್ನೇ ಹೇಳಿಬಿಟ್ಟ. "ಎಲ್ಲರೂ ಕುಳಿತುಕೊಳ್ಳಿ. ಯಾರೂ ಹೊರಗೆ ಹೋಗಬಾರದು."

"ಕೂತೇ ಇದೀವಲ್ಲಪ್ಪ, ಒಂದು ವರ್ಷದಿಂದ" ಅಂದರು ಅಜ್ಜಿ.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಅಜ್ಜಿ ನಗಲಿಲ್ಲ, ಆದರೆ ಫೋನನ್ನು ಸ್ವಲ್ಪ ದೂರ ಹಿಡಿದರು. "ಮುಗಿಸ್ರಪ್ಪ, ಪಾಪ, ಕಲ್ತಿದೀರಿ. ಪುಟ್ಟೀ, ನೀನು ಮಾತ್ರ ಮಲಗಬೇಡ. ಕೂತೇ ಸತ್ತಿರು."

ಹಾಗೆ ಉಳಿದ ನಾಟಕವೆಲ್ಲ ನಡೆಯಿತು. ಸತ್ತ ಸಾಹುಕಾರ್ತಿ ಚಕ್ಕಳಮಕ್ಕಳ ಹಾಕಿ ಕೂತು, ಪೌಡರ್ ಮುಖದಲ್ಲಿ, ತನ್ನನ್ನು ಕೊಂದವರ ವಿಚಾರಣೆಯನ್ನು ಕಣ್ಣು ಬಿಟ್ಟುಕೊಂಡೇ ನೋಡಿದಳು. ಅಜ್ಜಿ ನಾಟಕ ನೋಡಲಿಲ್ಲ. ಅವಳನ್ನು ನೋಡುತ್ತಿದ್ದರು.

ಸಂಜೆ ಅವಳ ತಾಯಿಗೆ ಫೋನ್ ಮಾಡಿದೆ. ಹಿಂದಿನ ವಾರವಷ್ಟೇ ಅಜ್ಜಿಯ ಅಕ್ಕ ತೀರಿಕೊಂಡಿದ್ದರಂತೆ. ಒಂದೇ ಊರಿನಲ್ಲಿದ್ದರೂ ಹೋಗಲು ಬಿಡಲಿಲ್ಲ. ಕಡೆಗೆ ಯಾರೋ ಫೋನ್‌ನಲ್ಲಿ ತೋರಿಸಿದ್ದರು, ಬಿಳಿ ಬಟ್ಟೆಯಲ್ಲಿ, ಮುಖ ಮಾತ್ರ.

"ನೀವು ಹೇಳಬಾರದಿತ್ತಾ?" ಅಂದೆ.

"ಹೇಳಬೇಕಿತ್ತು. ಅಮ್ಮ ಬರಲ್ಲ ಅಂದಿದ್ರು. ಮಗಳು ಕ್ಲಾಸಲ್ಲಿರೋ ಒಂದು ಗಂಟೆ ನನ್ನನ್ನ ಯಾರೂ ಏನೂ ಕೇಳಲ್ಲ. ಅಡುಗೆಮನೇಲಿ ಸುಮ್ನೆ ನಿಂತಿದ್ದೆ, ಏನೂ ಮಾಡ್ತಿರಲಿಲ್ಲ." ಫೋನ್ ಇಡುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಮುಂದಿನ ಶನಿವಾರ ಕ್ಲಾಸು ತೆರೆದಾಗ ಅಜ್ಜಿ ಮೊದಲೇ ಬಂದು ಕೂತಿದ್ದರು. ಅಲ್ಲಿ ಇನ್ನೂ ಬೆಳಗಿನ ಕಾಫಿಯ ಹೊತ್ತು. "ಮಗೂಗೆ ಏನು ಕಲಿಸ್ತೀರೋ ನಾನೂ ನೋಡ್ತೀನಿ" ಅಂದರು. ನನ್ನ ಮೇಲೆ ನಂಬಿಕೆ ಹೋಗಿತ್ತು. ಅದಾದ ಮೇಲೆ ಪ್ರತಿ ವಾರ ಬಂದರು. ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಒಂದು ಚೌಕದಲ್ಲಿ ಇರುತ್ತಿದ್ದರು, ಮಧ್ಯೆ ಮಧ್ಯೆ ನನ್ನ ಒತ್ತಕ್ಷರವನ್ನೂ ತಿದ್ದುತ್ತಿದ್ದರು. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ನಾನು ಕಾಫಿ ತರಲು ಎದ್ದು ಹೋದರೆ ಕ್ಲಾಸನ್ನು ಅವರೇ ನೋಡಿಕೊಳ್ಳುತ್ತಿದ್ದರು. "ತ್ಸುಕುಬಾದಲ್ಲಿ ಇವತ್ತು ಏನು ಹೂ ಬಿಟ್ಟಿದೆ?" ಅಂತ ಮೊಮ್ಮಗಳನ್ನು ಕೇಳುತ್ತಿದ್ದರು. ಅವಳು ಫೋನ್ ತಗೊಂಡು ಬಾಲ್ಕನಿಗೆ ಹೋಗಿ ತೋರಿಸುತ್ತಿದ್ದಳು, ಮಾತಿಲ್ಲದೆ.

ಕ್ಲಾಸು ಮುಂದಿನ ಬೇಸಿಗೆಯವರೆಗೂ ಹೇಗೋ ನಡೆಯಿತು. ಫುಕುವೋಕಾದವರು ಭಾರತಕ್ಕೆ ಮರಳಿದರು. ಕೆಲವರು ಈಜು, ಪಿಯಾನೋ ಅಂತ ಬಿಟ್ಟರು. ತ್ಸುಕುಬಾದ ತಾಯಿ ಮಗಳು ಗಡಿ ತೆರೆದ ಕೂಡಲೇ ಮೈಸೂರಿಗೆ ಹೋಗಿ ಎರಡು ತಿಂಗಳು ಇದ್ದರು. ಅಲ್ಲಿಂದ ಒಂದು ಫೋಟೊ ಕಳಿಸಿದ್ದರು. ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ, ಪಕ್ಕದಲ್ಲಿ ಮೊಮ್ಮಗಳು ಬೋರಲಾಗಿ ಬಿದ್ದುಕೊಂಡು ನಿದ್ದೆ ಹೋಗಿದ್ದಾಳೆ. ಆ ಫೋಟೊ ಬಂದ ಶನಿವಾರ ನಾನು ಉಳಿದಿದ್ದ ಎಲ್ಲರಿಗೂ ಮೆಸೇಜ್ ಮಾಡಿ, ಸದ್ಯಕ್ಕೆ ಕ್ಲಾಸು ನಿಲ್ಲಿಸುತ್ತಿದ್ದೇನೆ ಅಂತ ತಿಳಿಸಿದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಕಂಪ್ಯೂಟರ್ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಕೊಂಬಿನಿ ಅಂಗಡಿಗೆ ಹೋಗಿ ಹಾಲು ತಂದೆ.