ಮನೆ ನೋಡಲು ಬಂದವರಿಗೆ ಹೇಳಿದ್ದು

"ಹೆಲ್ಮೆಟ್ ಹಾಕ್ಕೊಳ್ಳೋಕೆ ಏನಾಗಿತ್ತಮ್ಮಾ ನಿಂಗೆ?" ಎಂದು ಚಿತ್ರದುರ್ಗದ ಡಾಕ್ಟರು ನನ್ನನ್ನು ಬೈದಾಗ ಅಣ್ಣ ಪಕ್ಕದಲ್ಲೇ ನಿಂತಿದ್ದ. ನನ್ನ ಮುಖಕ್ಕೆ ಬೀಸಿದ್ದ ಹೆಲ್ಮೆಟ್ ಅವನ ಕೈಯಲ್ಲೇ ಇತ್ತು.

ಆಗ ನಾನು ಪಿಯುಸಿಯಲ್ಲಿದ್ದೆ. ಫೋನಿನ ಪಾಸ್‌ವರ್ಡ್ ಹೇಳಲಿಲ್ಲವೆಂದು ಹೊಡೆದಿದ್ದ. ಬೈಕಿನಿಂದ ಬಿದ್ದಳೆಂದು ಅಮ್ಮ ಹೇಳಿದಳು. ನನ್ನನ್ನು ಯಾರೂ ಕೇಳಲಿಲ್ಲ. ಕಣ್ಣುಗುಡ್ಡೆಯ ಕೆಳಗಿನ ತೆಳು ಮೂಳೆ ಒಡೆದಿತ್ತು. ಆ ಜಾಗಕ್ಕೆ ಸಿಲಿಕೋನ್ ಹಾಳೆಯೊಂದನ್ನು ಇಟ್ಟು ಹೊಲಿದರು.

ಎಂ.ಎಸ್ಸಿ. ಮುಗಿದು, ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಗುವವರೆಗೂ ಆ ಹಾಳೆ ಸುಮ್ಮನಿತ್ತು. ಹೋದ ವರ್ಷ ಕೆಳರೆಪ್ಪೆ ಊದತೊಡಗಿತು. ಬೋರ್ಡಿನ ಮೇಲಿನ ಸಾಲು ಎರಡೆರಡಾಗಿ ಕಾಣುತ್ತಿತ್ತು. ಆಮೇಲೆ ಕೀವು. ಹಾಳೆ ಜರುಗಿದೆ, ಸುತ್ತ ಸೋಂಕಾಗಿದೆ, ಇಷ್ಟು ವರ್ಷಗಳ ನಂತರವೂ ಹೀಗಾಗುವುದುಂಟು, ತೆಗೆಯಲೇಬೇಕು ಎಂದರು ಡಾಕ್ಟರು.

ಅದೇ ವಾರ ಹೊಳಲ್ಕೆರೆಯಿಂದ ಹೆಣ್ಣಿನ ಕಡೆಯವರು ಹಿರಿಯೂರಿನ ನಮ್ಮ ಮನೆ ನೋಡಲು ಬರುವವರಿದ್ದರು. ಅಣ್ಣ ಒಪ್ಪಿದ್ದ ಹುಡುಗಿ. ಆಪರೇಷನ್ ಮುಂದಕ್ಕೆ ಹಾಕು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವರೆದುರು ಬರಬೇಡ ಎಂದಳು ಅಮ್ಮ. ಕೇಳಿದರೆ ಮದ್ರಾಸ್ ಐ ಎನ್ನುವುದೆಂದು ತೀರ್ಮಾನವಾಯಿತು. ಅಂಟುರೋಗವೆಂದರೆ ಯಾರೂ ಹತ್ತಿರ ಸುಳಿಯುವುದಿಲ್ಲವಲ್ಲ. ನಾನು ಒಪ್ಪಿಕೊಂಡೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಅಮ್ಮನಿಗೆ ಅನುಮಾನ ಬರಬೇಕಿತ್ತು.

ಮನೆ ನೋಡಲು ಬಂದ ಹೆಂಗಸರು ನಡುಮನೆಯಲ್ಲಿ ಕೂತು ಎದ್ದುಹೋಗುವುದಿಲ್ಲ. ಅಡುಗೆಮನೆ, ಬಚ್ಚಲು, ನೀರಿನ ಸಂಪು ಎಲ್ಲವನ್ನೂ ನೋಡುತ್ತಾರೆ. ನಾನು ಕೋಣೆಯ ಬಾಗಿಲು ತೆರೆದಿಟ್ಟು, ಕಪ್ಪು ಕನ್ನಡಕ ತೆಗೆದಿಟ್ಟು ಕುಳಿತಿದ್ದೆ. ಹುಡುಗಿಯ ದೊಡ್ಡಮ್ಮ ಹೊಸ್ತಿಲಲ್ಲೇ ನಿಂತರು.

"ಮದ್ರಾಸ್ ಐ ಅಂದ್ರು. ಒಂದೇ ಕಣ್ಣಿಗೆ ಬಂದೈತಾ?"

"ಮದ್ರಾಸ್ ಐ ಅಲ್ರೀ, ಅಂಟಲ್ಲ. ಒಳಗೆ ಬರ್ರಿ. ಇದು ಅಣ್ಣ ಹೊಡ್ದಿದ್ದು."

ಅವರು ಬಂದು ಮಂಚದ ತುದಿಯಲ್ಲಿ ಕುಳಿತರು. ಹೆಲ್ಮೆಟ್ಟು, ಮೂಳೆ, ಹಾಳೆ, ಕೀವು ಎಲ್ಲವನ್ನೂ ಪಾಠ ಮಾಡುವಷ್ಟೇ ನಿಧಾನವಾಗಿ, ಏನನ್ನೂ ಸೇರಿಸದೆ ಹೇಳಿದೆ. ಅಷ್ಟರಲ್ಲಿ ಅಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು.

"ಹೌದೇನ್ರಿ?" ಎಂದು ದೊಡ್ಡಮ್ಮ ಅವಳನ್ನೇ ಕೇಳಿದರು.

ಕಾಫಿ ಆರಿಹೋಗುತ್ತದೆ ಎಂದಳು ಅಮ್ಮ. ಆ ಕಾಫಿಯನ್ನು ಯಾರೂ ಕುಡಿಯಲಿಲ್ಲ.

ಸಂಬಂಧ ಮುರಿಯಿತು. ನನ್ನ ಬಾಳು ಹಾಳು ಮಾಡಿದೆ ಎಂದು ಅಣ್ಣ ಕೂಗಾಡಿದ. ಕೈ ಮಾತ್ರ ಎತ್ತಲಿಲ್ಲ. ನಾನು ಅವನ ಮಾತನ್ನು ಕೊನೆಯವರೆಗೂ ಕುಳಿತು ಕೇಳಿದೆ, ಹಿತವಾಗಿತ್ತು.

ಈಗ ಹಾಳೆ ತೆಗೆದಾಗಿದೆ, ಬಾವು ಇಳಿದಿದೆ. ಹೊಸದುರ್ಗದಲ್ಲಿ ಇನ್ನೊಂದು ಹೆಣ್ಣಿದೆಯಂತೆ. ಅಮ್ಮ ಹಿತ್ತಲಿಗೆ ಹೋಗಿ ಫೋನಿನಲ್ಲಿ ಪಿಸುಗುಡುತ್ತಾಳೆ.

"ಅವ್ರು ಯಾವತ್ತು ಮನೆ ನೋಡಾಕೆ ಬರ್ತಾರೆ ಹೇಳಮ್ಮ," ಎಂದಿದ್ದೇನೆ. "ರಜಾ ಹಾಕ್ತೀನಿ."