ಹೆಬ್ಬೆರಳಿಗೆ ಹಚ್ಚಿದ ಖಾರ

ಇಷ್ಟು ವರ್ಷವಾದ ಮೇಲೆ ಒಪ್ಪಿಕೊಳ್ಳಲು ನನಗೇನು ನಾಚಿಕೆ? ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಡಗಿಯಿಂದ ದಿನಾ ರೈಲು ಹತ್ತಿ ಹಾವೇರಿಗೆ ಹೋಗಿ, ಬಾಲವಾಡಿ ಶಿಕ್ಷಕಿಯರಾಗಲು ಬಂದ ಹೆಣ್ಣುಮಕ್ಕಳಿಗೆ 'ಮಗುವಿನ ಮನಸ್ಸು' ಎಂಬ ಪಾಠ ಹೇಳುತ್ತಿದ್ದೆ. ವರ್ಷಗಟ್ಟಲೆ ಅದೇ ನೋಟುಬುಕ್ಕು. ಕಣ್ಣು ಪುಟದ ಮೇಲೆ, ಮನಸ್ಸು ಸಂಜೆಯ ಗಾಡಿಯ ಮೇಲೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಮೆಣಸಿನಕಾಯಿಯಾಯಿತು.

ಮಗಳು ಸುಮಿಗೆ ಆಗ ನಾಲ್ಕು ವರ್ಷ. ಎಂದೋ ಬಿಟ್ಟಿದ್ದ ಹೆಬ್ಬೆರಳು, ತಮ್ಮ ಹುಟ್ಟಿದ ತಿಂಗಳೇ ಮತ್ತೆ ಬಾಯಿ ಸೇರಿತು. "ಒಂದೀಟ ಖಾರ ಹಚ್ಚೋ, ಚಟ ತಾನ ಬಿಡತೈತಿ" ಅಂದಳು ನನ್ನವ್ವ. ಹಚ್ಚಿದೆ. ಆದರೆ ನಮ್ಮೂರ ಮೆಣಸಿನಕಾಯಿಯ ಗುಣ ನಿಮಗೆ ಗೊತ್ತಲ್ಲ! ಬಣ್ಣ ಬೇಕಾದಷ್ಟು, ಖಾರ ಹೆಸರಿಗಷ್ಟೆ. ಸುಮಿ ಅದನ್ನು ಉಪ್ಪಿನಕಾಯಿಯಂತೆ ನೆಕ್ಕಿ, ತುಟಿ ಕೆಂಪು ಮಾಡಿಕೊಂಡು, "ಅಪ್ಪಾ, ಇನ್ನೀಟ ಹಚ್ಚು" ಎಂದು ಬೆರಳು ಚಾಚಿದಳು. ಅವ್ವ ಬಿದ್ದು ಬಿದ್ದು ನಕ್ಕಳು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಕಲಿತವನ ಹಟ ನೋಡಿ, ರಾಣೆಬೆನ್ನೂರಿನ ಸಂತೆಯಿಂದ ಗುಂಟೂರು ಮೆಣಸಿನಕಾಯಿ ತಂದು, ಅರೆದು, ಮರುದಿನ ಭಾನುವಾರ ಮಧ್ಯಾಹ್ನ ನಾನೇ ಅವಳ ಬೆರಳಿಗೆ ಹಚ್ಚಿದೆ. ಅವಳು ನಂಬಿ ಕೈ ಕೊಟ್ಟಳು. ಬಾಯಿ ಉರಿದು ಅಳು ಬಂತು, ಅಳುತ್ತ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡಳು.

ಅಯ್ಯೋ ಶಿವನೇ, ಆ ಕೂಗು! ಅವ್ವ ತಂಬಿಗೆ ತಂಬಿಗೆ ನೀರು ಹಾಕಿ ತೊಳೆಯುತ್ತಿದ್ದರೆ ನಾನು ಬಟ್ಟಲು ಹಿಡಿದು ಕಂಬದಂತೆ ನಿಂತಿದ್ದೆ. ಸಂಜೆಗೆ ಕಣ್ಣು ತೆರೆದಳು. ನನ್ನನ್ನು ಕಂಡವಳೇ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಆ ವಾರವೆಲ್ಲ ನಾನು ಮನೆಗೆ ಬಂದಾಗಲೆಲ್ಲ ಅದೇ. ರೈಲಿನಿಂದಿಳಿದ ಅಪ್ಪನ ಕಡೆ ಓಡಿ ಬರುತ್ತಿದ್ದ ಹುಡುಗಿ ಇನ್ನು ಬರುವುದೇ ಇಲ್ಲವೇನೋ ಎಂದು ನನಗೆ ಖರೇ ಭಯವಾಯಿತು.

ವಾರ ಕಳೆದು ಬಂದ ಸೋಮವಾರ ಪಾಠದಲ್ಲಿ ಪುಟ ತಿರುವಿ ಓದಿದೆ: "ಎರಡನೆಯ ಮಗು ಬಂದಾಗ ಮೊದಲನೆಯದು ತಾನೂ ಕೂಸಾಗಲು ನೋಡುತ್ತದೆ. ಅದನ್ನು ದಂಡಿಸಬಾರದು, ತೊಡೆಯ ಮೇಲೆ ಕೂರಿಸಿಕೊಳ್ಳಬೇಕು." ಅಕ್ಷರ ನನ್ನದೇ! ಇದನ್ನು ಎಷ್ಟು ಸಲ ಓದಿ ಹೇಳಿದ್ದೆ! ನೋಟುಬುಕ್ಕು ಮುಚ್ಚಿಬಿಟ್ಟೆ. ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು, "ಯಾಕ್ರೀ ಸರ, ಆರಾಮ ಇಲ್ಲೇನ್ರಿ?" ಎಂದಳು. ಇಲ್ಲವೆಂದು ತಲೆಯಾಡಿಸಿ ಕುಳಿತುಬಿಟ್ಟೆ.

ಆ ಸಂಜೆ ಮನೆಯಲ್ಲಿ ಉತ್ತರಪತ್ರಿಕೆ ತಿದ್ದಲು ಕುಳಿತೆ. ಪೆನ್ನಿನ ಮುಚ್ಚಳ ಕಚ್ಚುವುದು ನನ್ನ ಹಳೇ ಚಟ. ಕಚ್ಚಿದ್ದೇ ತಡ, ತುಟಿಗೆ ಬೆಂಕಿ ಬಿತ್ತು! ಗುಂಟೂರು! ಉಳಿದ ಖಾರವನ್ನು ಚೆಲ್ಲುವಷ್ಟು ಬುದ್ಧಿಯೂ ನನಗೆ ಬಂದಿರಲಿಲ್ಲ ನೋಡಿ. ಕಣ್ಣಲ್ಲಿ ದಳದಳ ನೀರು. ಬಾಗಿಲ ಸಂದಿಯಿಂದ ಸುಮಿ ಇಣುಕಿದಳು.

"ನಾನ ಹಚ್ಚೇನಿ. ಚಟ ಬಿಡಸಾಕ."

ನಾನು ಉರಿಯುವ ತುಟಿಯನ್ನು ಒರೆಸಿಕೊಂಡೆ. ಅವಳು ನನ್ನ ಕಣ್ಣೀರನ್ನೇ ನೋಡುತ್ತ ನಿಂತಳು. ಮುಖ ಸಣ್ಣದಾಯಿತು. ಬೆನ್ನ ಹಿಂದಿನ ಕೈಗಳು ಮುಂದೆ ಬಂದವು. ಓಡಿಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಅಂಗೈಯಗಲದ ತನ್ನ ತೊಡೆಯನ್ನು ತಟ್ಟಿದಳು.

"ಅಳಬ್ಯಾಡಪ್ಪಾ. ಬಾ, ಇಲ್ಲಿ ಮಲಕ್ಕೋ."

ಮಲಗಿದೆ. ನೋಟುಬುಕ್ಕು ಓದದವಳಿಗೆ ಅದು ಹೇಗೆ ಗೊತ್ತಾಯಿತೋ! ಅಂದಿನಿಂದ ಸಂಜೆ ಬಂದೊಡನೆ ಮೊದಲು ಅವಳಿಗೆ ನನ್ನ ತೊಡೆ, ಆಮೇಲೆ ನನಗೆ ಚಹಾ. ಹೆಬ್ಬೆರಳು ಯಾವಾಗ ಬಾಯಿಂದ ಹೊರಬಂತೋ ಯಾರೂ ಗಮನಿಸಲೇ ಇಲ್ಲ. ಪೆನ್ನಿನ ಮುಚ್ಚಳವನ್ನು ಮಾತ್ರ ನಾನು ಇವತ್ತಿಗೂ ಕಚ್ಚುತ್ತೇನೆ, ಮೊದಲು ಒಮ್ಮೆ ಮೂಸಿ ನೋಡಿ.